ದ್ಯಾಮಕ್ಕನ ಮಗನ ಕಾರಿಗೆ ಬಿದ್ದ ಸಿಮೆಂಟು

ಪಾಲಾಕ್ಷ ಗೌಂಡಿಗೆ ಸಿಟ್ಟು ಎಲ್ಲರಂತೆ ಮೂಗಿನ ತುದಿಯಲ್ಲಿಲ್ಲ, ಕರಣಿಯ ತುದಿಯಲ್ಲಿದೆ. ಮಾತಿಗಿಂತ ಮೊದಲು ಕರಣಿ ಏಳುತ್ತದೆ. ಬಾಂಡ್ಲಿಯ ಅಂಚಿಗೆ ಟಣ್ಣಂತ ಒಂದು ಏಟು ಬಿತ್ತೆಂದರೆ ಸಾರವೆ ಮೇಲೆ ಹರಟೆ ಹೊಡೆಯುತ್ತಿದ್ದವರ ಬಾಯಿ ಅಲ್ಲಿಗೇ ಬಂದ್.

ಚಿಗಟೇರಿಯವನು. ಮೂರನೇ ಇಯತ್ತೆಯಲ್ಲಿ ಮಾಸ್ತರು ಕಿವಿ ಹಿಂಡಿದ್ದಕ್ಕೆ ಪಾಟಿ ಎಸೆದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೋದರಮಾವನ ಹಿಂದೆ ಹರಪನಹಳ್ಳಿಗೆ ಹೋಗಿ ಗಾರೆ ಹೊತ್ತ, ಇಟ್ಟಿಗೆ ಹೊತ್ತ, ಆಮೇಲೆ ಕರಣಿ ಹಿಡಿದ. ಈಗ ಮೀಸೆ ಅರ್ಧ ಬೆಳ್ಳಗಾಗಿದೆ. ಮನೆ ಮಾಡಿಕೊಂಡಿರುವುದು ಕೊಟ್ಟೂರಿನಲ್ಲಿ. ಒಮ್ಮೆ ಹಡಗಲಿಯಲ್ಲಿ ಒಬ್ಬರ ಪಡಸಾಲೆ ಗೋಡೆ ಕಟ್ಟಿ ಪ್ಲಾಸ್ಟರನ್ನೂ ಮುಗಿಸಿದ್ದ. ಮರುದಿನ ಬೆಳಿಗ್ಗೆ ತೂಕದ ಗುಂಡು ಬಿಟ್ಟು ನೋಡಿದರೆ ಗೋಡೆ ಒಂದು ಕೂದಲು ವಾಲಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ಕಂಡಿರಲಿಲ್ಲ. ತಾನೇ ಸುತ್ತಿಗೆ ತಗೊಂಡು ಕೆಡವಿದ. ಮನೆಯವರು "ಅಯ್ಯಯ್ಯೋ, ಯಾಕ್ರಿ ಮೇಸ್ತ್ರಿ, ಚಂದ ಐತಲ್ರಿ" ಅಂತ ಬಡಕೊಂಡರೆ, "ನಿಮಗ ಚಂದ ಕಾಣ್ತೈತ್ರಿ, ನನ್ನ ನೋಡಿ ಅದು ನಗಾಕ ಹತ್ತೈತಿ" ಅಂದ. ಹೆಂಡತಿ ಪಂಪಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ: "ಈ ಮನುಷ್ಯಾಗ ಗೋಡಿ ನಕ್ರ ಕೇಳತೈತಿ, ಹೇಣ್ತಿ ಕೂಗಿದ್ರ ಕೇಳಂಗಿಲ್ಲ."

ಇಂಥವನು ಒಂದು ಕಾರಿನ ಬೆನ್ನಿಗೆ ಬಿದ್ದ ಸಿಮೆಂಟಿನ ಹಿಂದೆ ಬಿದ್ದದ್ದು ಹೀಗೆ.

ಕೊಟ್ಟೂರಿನಲ್ಲಿ ಒಂದು ಮನೆಯ ಎರಡನೇ ಅಂತಸ್ತಿಗೆ ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ದಿನ ಕೆಲಸದವರ ಹೊಟ್ಟೆ ನೋಡಿಕೊಳ್ಳುವುದು ಮನೆಯವರ ಪಾಲು; ಮಂಡಕ್ಕಿ, ಮೆಣಸಿನಕಾಯಿ, ಬುಂದೆ ತುಂಬಿಕೊಂಡು ಕೂಡ್ಲಿಗಿಯ ಬಾಡಿಗೆ ಕಾರೊಂದು ಬಂತು. ಡ್ರೈವರ್ ಬೀರಲಿಂಗೇಶ್. ಕಾರೂ ಅವನದೇ, ಕಡುನೀಲಿ ಬಣ್ಣದ್ದು, ಕನ್ನಡಿಯಂಗೆ ತೊಳೆದು ಇಟ್ಟಿದ್ದ. ಓಣಿ ಸಣ್ಣದು, ಒಂದು ಕಡೆ ಮರಳು, ಇನ್ನೊಂದು ಕಡೆ ಜಲ್ಲಿ. ಆತ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರೆ ಮೇಲಿಂದ ಪಾಲಾಕ್ಷನ ಕೂಗು:

"ಏ ಡ್ರೈವರಾ! ಏನು ಮದುಮಗನಂಗ ಸುತ್ತಾಕ ಹತ್ತೀಯಲೇ? ಆ ಗೋಡಿ ಬುಡಕ್ಕ ಹಾಕು!"

"ಮ್ಯಾಲ ಮಾಲು ಏರಸ್ತಿದ್ದೀರಲ್ರಿ, ಬಿದ್ರ?"

"ಬೀಳಾಕ ನಾವೇನು ಹುಡುಗ್ರು ಆಟ ಆಡಾಕ ಹತ್ತೀವೇನು? ಹಾಕಲೇ, ನಿನ್ನ ಕಾರಿಗೆ ನಾನು ಜವಾಬ್ದಾರಿ!"

ಬೀರಲಿಂಗೇಶ್ ಹಾಕಿದ. ಕಾಂಕ್ರೀಟು ಏರಿಸುವ ಲಿಫ್ಟಿನ ಬುಟ್ಟಿ ಅರ್ಧ ದಾರಿಯಲ್ಲಿ ಒಮ್ಮೆ ಜಗ್ಗಿ, ವಾಲಿ, ಹಾಲಿನಂಥ ಸಿಮೆಂಟಿನ ರಾಡಿಯನ್ನು ಕಾರಿನ ಹಿಂಭಾಗಕ್ಕೆ ದಬಕ್ ಅಂತ ಚೆಲ್ಲಿತು. ಕಲ್ಲು ಬೀಳಲಿಲ್ಲ, ಗಾಜು ಒಡೆಯಲಿಲ್ಲ. ಡಿಕ್ಕಿಯ ಮೇಲೆ, ಮಾಡಿನ ಹಿಂದಿನ ಅಂಚಿನ ಮೇಲೆ ಸಿಡಿದ ಬೂದಿ ಬಣ್ಣದ ರಾಡಿ ಅಷ್ಟೇ. ಆಗಲೇ ಒಂದು ಕೊಡ ನೀರು ಸುರಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ಲ್ಯಾಬ್ ಅನ್ನುವುದು ಹೆರಿಗೆ ಇದ್ದಂಗೆ, ನಡುವೆ ನಿಲ್ಲಿಸುವಂಗಿಲ್ಲ. ನಿಂತರೆ ಅಲ್ಲೊಂದು ಕೂಡುಗೆರೆ ಬಿದ್ದು ಮಳೆಗಾಲದಲ್ಲಿ ಸೋರುತ್ತದೆ. ಪಾಲಾಕ್ಷ ಮೇಲಿಂದಲೇ "ನೀರು ಹೊಡೀರಲೇ ಕಾರಿಗೆ!" ಅಂತ ಚೀರಿದ. ಮಿಕ್ಸರಿನ ಗದ್ದಲಕ್ಕೆ ಕೆಳಗಿದ್ದವರು "ನೀರು ಹೊಡೀರಿ" ಅನ್ನುವಷ್ಟನ್ನೇ ಕೇಳಿಸಿಕೊಂಡು ಮಿಕ್ಸರಿಗೆ ಇನ್ನೊಂದು ಕೊಡ ಹೊಡೆದರು. ಅಷ್ಟರಲ್ಲಿ, ಒಳಗೆ ಮಂಡಕ್ಕಿ ಚೀಲ ಇಳಿಸುತ್ತಿದ್ದ ಬೀರಲಿಂಗೇಶನಿಗೆ ಹಗರಿಬೊಮ್ಮನಹಳ್ಳಿಗೆ ಬಾಡಿಗೆ ಬಂತು. ಮುಂದಿನಿಂದ ಕಾರು ಹತ್ತಿ ಹೋದವನು ಬೆನ್ನು ನೋಡಲಿಲ್ಲ. ಬಿಸಿಲು, ಗಾಳಿ, ಹೆದ್ದಾರಿ. ಸಿಮೆಂಟು ಅಲ್ಲೇ ಕಚ್ಚಿ ಕೂತಿತು.

ಮರುದಿನ ಸ್ಲ್ಯಾಬಿನ ಮೇಲೆ ಮಣ್ಣಿನ ಮಡಿ ಕಟ್ಟಿ, ನೀರು ನಿಲ್ಲಿಸಿ, ಪಾಲಾಕ್ಷ ಬೈಕು ಹತ್ತಿ ಕೂಡ್ಲಿಗಿಗೆ ಹೊರಟ. ಯಾರೂ ಕರೆದಿರಲಿಲ್ಲ. ಬಾಯಿಂದ ಜವಾಬ್ದಾರಿ ಅನ್ನುವ ಮಾತು ಬಿದ್ದಿತ್ತಲ್ಲ, ಅದು ರಾತ್ರಿಯೆಲ್ಲ ಹಾಸಿಗೆಯಲ್ಲಿ ಜಲ್ಲಿಯಂಗೆ ಚುಚ್ಚಿತ್ತು.

ಕೊಟ್ಟೂರು ರಸ್ತೆಯ ಅಂಚಿಗೆ ಬೀರಲಿಂಗೇಶನ ಮನೆ. ಅಂಗಳದಲ್ಲಿ ಕಾರು, ಪಕ್ಕದಲ್ಲಿ ಕೈಕಟ್ಟಿಕೊಂಡು ಅವನು.

"ಬರ್ರಿ ಜವಾಬ್ದಾರಿ ಸಾಹೇಬ್ರ," ಅಂದ. "ಸ್ಟ್ಯಾಂಡಿನಾಗ ನನ್ನ ಗಾಡಿಗೆ ಹೊಸಾ ಹೆಸರು ಬಂದೈತಿ. ಸಿಮೆಂಟ್ ಲಾರಿ ಅಂತ."

"ಮಾತು ಸಾಕು ಮಾಡಲೇ. ಡಿಕ್ಕಿ ಪೂರ್ತಿ ಉಜ್ಜಿಸಿ ಹೊಸಾ ಬಣ್ಣ ಹೊಡಿಸಿ ಕೊಡ್ತೀನಿ. ಅದರವ್ವನ, ಒಂದು ಡಿಕ್ಕಿ ಅಲ್ಲೇನು?"

ಆಗ ಬಾಗಿಲಲ್ಲಿ ನಿಂತಿದ್ದ ಬೀರಲಿಂಗೇಶನ ತಾಯಿ ದ್ಯಾಮಕ್ಕ ಮೆಲ್ಲಗೆ ಅಂದಳು, "ಬಣ್ಣ ಹೊಡಿಸಬ್ಯಾಡಪಾ."

"ಯಾಕಬೇ?"

ಅವಳು ಡಿಕ್ಕಿಯ ಕಡೆ ಬೆರಳು ಮಾಡಿದಳು. ಸಿಮೆಂಟಿನ ಚಿಪ್ಪಿನ ನಡುವೆ ಹಳದಿ ಅಕ್ಷರದ ತುಣುಕುಗಳು ಇಣುಕುತ್ತಿದ್ದವು. ಬೀರಲಿಂಗೇಶನೇ ಹೇಳಿದ. ಅಲ್ಲಿ "ದ್ಯಾಮಕ್ಕನ ಮಗ" ಅಂತ ಬರೆದದ್ದು ಅವನ ಅಪ್ಪ ಅಜ್ಜಯ್ಯ, ಬೋರ್ಡು ಬರೆಯುವ ಪೇಂಟರ್. ಒಂದು ಕಾಲಕ್ಕೆ ಕೂಡ್ಲಿಗಿಯಿಂದ ಹಡಗಲಿವರೆಗೆ ಕಿರಾಣಿ ಅಂಗಡಿ, ಕಟಿಂಗ್ ಶಾಪು, ಹಾಲಿನ ಡೇರಿ, ಎಲ್ಲದರ ನೆತ್ತಿಯ ಮೇಲೂ ಅವನ ಕೈಬರಹವೇ. ಫ್ಲೆಕ್ಸ್ ಬಂತು, ಬ್ರಷ್ಷು ಒಣಗಿತು. ಒಂದೊಂದೇ ಬೋರ್ಡು ಇಳಿದು ಗುಜರಿಗೆ ಹೋದವು.

ಅಜ್ಜಯ್ಯ ಬದುಕಿದ್ದಷ್ಟು ದಿನ ಹೆಂಡತಿಯನ್ನು ಹೆಸರು ಹಚ್ಚಿ ಕರೆದವನಲ್ಲ. ಅವನ ಕಾಲದ ಗಂಡಸರು ಯಾರೂ ಕರೆಯುತ್ತಿರಲಿಲ್ಲ. "ಏ ಇವಳೇ", "ಕೇಳ್ತೇನು", ಅಷ್ಟೇ. ಮದುವೆ ದಿನ ಹೆಂಗಸರು ಬಾಗಿಲು ಅಡ್ಡಗಟ್ಟಿ "ಹೇಣ್ತಿ ಹೆಸರು ಹೇಳು, ಒಳಗ ಬಿಡ್ತೀವಿ" ಅಂದಾಗ ಹಿತ್ತಲ ಗೋಡೆ ಹಾರಿ ಒಳಗೆ ಬಂದ ಆಸಾಮಿ. ಮಗ ಕಾರು ತಂದ ವರ್ಷ ಮಾತ್ರ, ಯಾರಿಗೂ ಹೇಳದೆ ಹಳೇ ಡಬ್ಬಿ ಬಿಚ್ಚಿ, ಹಳದಿಯಲ್ಲಿ ಬರೆದು, ಕೆಂಪಿನಲ್ಲಿ ನೆರಳು ಕೊಟ್ಟು, ಚಹಾ ಕುಡಿಯಲು ಹೋಗಿಬಿಟ್ಟಿದ್ದ. ದ್ಯಾಮಕ್ಕನಿಗೆ ಓದು ಬರುವುದಿಲ್ಲ. ಮಗ ಓದಿ ಹೇಳಿದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳಂತೆ. ಅದೇ ವರ್ಷ ಅಜ್ಜಯ್ಯ ತೀರಿಕೊಂಡ.

"ಊರು ತುಂಬ ಬರದ್ರು," ಅಂದಳು ದ್ಯಾಮಕ್ಕ. "ಉಳದಿದ್ದು ಇದೊಂದ."

ಪಾಲಾಕ್ಷ ಡಿಕ್ಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಯಿಂದ ಒಂದು ಕೆಟ್ಟ ಮಾತು ಬಂತು. ಅದು ಸಿಮೆಂಟಿಗೋ ತನಗೋ ಅವನಿಗೇ ಗೊತ್ತಿರಲಿಲ್ಲ. "ಅಕ್ಷರ ಉಳಸೇ ತಗೀತೀನಿ. ತಗೀದಿದ್ರ ಈ ಕೈ ಕರಣಿ ಹಿಡ್ಯಾಕ ಲಾಯಕ್ಕಲ್ಲ," ಅಂದ.

ಹೇಳುವುದೇನೋ ಹೇಳಿದ. ಆದರೆ ಅವನ ವಿದ್ಯೆಯೆಲ್ಲ ಸಿಮೆಂಟು ಹಚ್ಚುವುದರಲ್ಲಿತ್ತು. ಬಿಡಿಸುವ ವಿದ್ಯೆ ಅಂದರೆ ಒಂದೇ: ಟೈಲ್ಸ್ ತೊಳೆಯುವ ಆ್ಯಸಿಡ್. ಚೀಲದಿಂದ ತೆಗೆದು ಕೆಳಗಿನ ಮೂಲೆಗೆ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಹನಿ ಮುಟ್ಟಿಸಿ ನೋಡಿದ. ಬುಸ್ ಅಂತ ನೊರೆ ಎದ್ದಿತು, ಒರೆಸಿದರೆ ನೀಲಿಯ ಮೇಲೆ ಕಣ್ಣಿಗೆ ಪೊರೆ ಬಂದಂಗೆ ಒಂದು ಮಂಕು ಕಲೆ. ಬಾಟ್ಲಿಯನ್ನು ತಿಪ್ಪೆಯ ಗುಂಡಿಗೆ ಬಗ್ಗಿಸಿ ಕೈ ತೊಳೆದುಕೊಂಡ.

ಸಂತೆ ಮೈದಾನದ ಹತ್ತಿರ ಅರುಣಕುಮಾರನ ಕಾರು ಬಣ್ಣದ ಅಂಗಡಿ. ಹಣೆಗೆ ವಿಭೂತಿ, ಕೈಗೆ ಥಿನ್ನರ್ ವಾಸನೆ, ಮಾತಿನಲ್ಲಿ ಅವಸರವಿಲ್ಲದ ಮನುಷ್ಯ. ಎಲ್ಲ ಕೇಳಿ ಒಂದು ಬಾಟ್ಲಿ ತೆಗೆದುಕೊಟ್ಟ. "ಇದು ಸಿಮೆಂಟ್ ಬಿಡಿಸೋ ಔಷಧ್ರಿ. ಬಟ್ಟಿಗೆ ಹಾಕಿ ಮ್ಯಾಲ ಹೊಚ್ಚ್ರಿ. ಒಣಗಾಕ ಬಿಡಬ್ಯಾಡ್ರಿ, ಹಸಿಯಾಗೇ ಇರಲಿ, ತಾನ ಮೆತ್ತಗಾಗತೈತಿ. ಉಜ್ಜಬ್ಯಾಡ್ರಿ. ಅದರಾಗ ಮರಳು ಇರತೈತಿ, ಉಜ್ಜಿದ್ರ ಗೀರು ಬೀಳತೈತಿ. ಇನ್ನು ಆ ಅಕ್ಷರ ಏನದಾವಲ್ಲ, ಅವು ಕೈಲೆ ಬರದ ಎನಾಮಲ್. ಅದರ ಮ್ಯಾಲ ಈ ಔಷಧ ಹಾಕಿದ್ರ ಏನಾಗತೈತಿ ನನಗೂ ಗೊತ್ತಿಲ್ಲರಿ. ಗೊತ್ತಿಲ್ಲದ್ದು ಹೇಳಂಗಿಲ್ಲ."

ಪಾಲಾಕ್ಷನಿಗೆ ಅರ್ಧವೇ ತಲೆಗೆ ಹೋಯಿತು. ಹಸಿಯಾಗಿ ಇಟ್ಟರೆ ಸಿಮೆಂಟು ಮೆತ್ತಗಾಗುತ್ತದೆ ಅನ್ನುವ ಮಾತನ್ನು ಯಾವ ಗೌಂಡಿ ನಂಬುತ್ತಾನೆ? ನೀರು ಕುಡಿಸಿದಷ್ಟೂ ಸಿಮೆಂಟು ಗಟ್ಟಿ. ಜೀವಮಾನವೆಲ್ಲ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆದವನು ಅವನು. ದ್ಯಾಮಕ್ಕ ಒದ್ದೆ ಗೋಣಿಚೀಲ ತಂದರೆ "ತಗಿಯಬೇ ಅತ್ಲಾಗ, ಕಬ್ಬಿಣ ಮಾಡ್ತೀಯೇನು?" ಅಂತ ಗದರಿದ. ಬಟ್ಟೆಯಿಲ್ಲದೆಯೇ ಔಷಧವನ್ನು ಮಾಡಿನ ಅಂಚಿಗೆ ಹಾಕಿದ. ಅದು ಕೆಸುವಿನ ಎಲೆಯ ಮೇಲಿನ ಹನಿಯಂಗೆ ಗುಂಡಾಗಿ ಜಾರಿ ಹೋಯಿತು. ಇನ್ನೊಮ್ಮೆ ಹಾಕಿದ. ಮತ್ತೆ ಜಾರಿತು. ಸಿಮೆಂಟು ಮುಕ್ಕಾಗಲಿಲ್ಲ.

ಅವನ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಅಂಗಡಿಗೆ ನುಗ್ಗಿ, ಬಾಟ್ಲಿಯನ್ನು ಟೇಬಲ್ಲಿಗೆ ಕುಕ್ಕಿದ. "ಡೂಪ್ಲಿಕೇಟ್ ಮಾಲು ಮಾರಾಕ ಕುಂತೀಯೇನೋ?"

"ನೋಡೋಣು ನಡೀರಿ," ಅಂದ ಅರುಣಕುಮಾರ, ಅಷ್ಟೇ ತಣ್ಣಗೆ. ಬೈಕಿನ ಹಿಂದೆ ಕೂತು ಬಂದ. ಬಂದವನು ಕಾರನ್ನು ದೂರದಿಂದ ನೋಡಲಿಲ್ಲ. ಸಿಮೆಂಟಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಮೂಸಿದ.

"ಶೇಂಗಾ ಎಣ್ಣಿ!"

ಎಲ್ಲರೂ ದ್ಯಾಮಕ್ಕನ ಕಡೆ ತಿರುಗಿದರು.

"ನಾನ ಹಚ್ಚೀನಪಾ," ಅಂದಳು ಅವಳು. "ಸಿಮೆಂಟೂ ಸುಣ್ಣದ ಜಾತಿ ಅಲ್ಲೇನು? ಎಲಿಅಡಿಕಿ ಹಾಕ್ಕೊಂಡಾಗ ಸುಣ್ಣ ಬಾಯಿ ಸುಟ್ರ ಎಣ್ಣಿ ಹಚ್ಚಂಗಿಲ್ಲೇನು? ಕಾರಿನ ಮೈ ಸುಡಬಾರದು ಅಂತ ನಿನ್ನಿ ಸಂಜಿಗೇ ಹಚ್ಚೀನಿ. ಇವತ್ತ ಮುಂಜಾನೆ ಎದ್ದು ಮತ್ತ ಎರಡು ಸಲ ಹಚ್ಚೀನಿ."

"ಅವ್ವಾ!" ಅಂತ ಬೀರಲಿಂಗೇಶ್ ಹಣೆ ಬಡಿದುಕೊಂಡ.

ಪಾಲಾಕ್ಷ ಬಾಯಿ ತೆರೆದ. ಬೈಯಲು ಏನೋ ಬಂದಿತ್ತು. ಮುದುಕಿಯ ಮುಖ ನೋಡಿ ಅದನ್ನು ನುಂಗಿದ. ಅವನು ಬೈಗುಳ ನುಂಗಿದ್ದನ್ನು ಪಂಪಮ್ಮ ಕಂಡಿದ್ದರೆ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು.

"ಎಣ್ಣಿ ಬಿಸಲಿಗೆ ಕಾದು ಪೊರಿ ಕಟ್ಟೇತಿ," ಅಂದ ಅರುಣಕುಮಾರ. "ಪೊರಿ ಹೋಗೋತನಕ ಯಾವ ಔಷಧಾನೂ ಸಿಮೆಂಟಿಗೆ ತಾಗಂಗಿಲ್ಲ. ಪೆಟ್ರೋಲ್ ಇಲ್ಲಾ ಥಿನ್ನರ್ ಹಾಕಿದ್ರ ಎಣ್ಣಿ ಹೋಗತೈತ್ರಿ. ಆದ್ರ ಅಕ್ಷರಾನೂ ಅದರ ಜೋಡೀನ ಹೋಗ್ತಾವ."

ಹಾದಿಯಲ್ಲಿ ಒಂದು ಕುರಿ ಹಿಂಡು ದೂಳೆಬ್ಬಿಸಿಕೊಂಡು ಹೋಯಿತು. ಪಾಲಾಕ್ಷ ಕಾರಿನ ಸುತ್ತ ಒಂದು ಸುತ್ತು ಹಾಕಿದ, ಮತ್ತೊಂದು ಹಾಕಿದ.

"ಎಣ್ಣಿ ಹಚ್ಚಿದವರು ಪೆಟ್ರೋಲಿಲೇ ಮೈ ತೊಳ್ಕೊಂತಾರೇನಪಾ?" ಅಂದಳು ದ್ಯಾಮಕ್ಕ. "ಹಬ್ಬಕ್ಕ ಎಣ್ಣಿನೀರು ಹಾಕ್ಕೊಂಡ್ರ ಸೀಗಿಪುಡಿಲೇ ಅಲ್ಲೇನು ಎಣ್ಣಿ ತಗಿಯಾದು?"

ಅರುಣಕುಮಾರ ನಕ್ಕ. "ಆಗಬೌದು ನೋಡಬೇ. ಪುಡಿ ಮಾತ್ರ ಬ್ಯಾಡ, ಅದೂ ಗೀರತೈತಿ. ಸೋಸಿದ ನೊರಿ ಅಷ್ಟ."

ಮೂವರೂ ಸೊಂಟ ಕಟ್ಟಿದರು. ದ್ಯಾಮಕ್ಕ ಹಂಡೆಗೆ ಉರಿ ಹಾಕಿದಳು, ಸೀಗೆ ಕದಡಿ ಹಳೇ ಧೋತರದಲ್ಲಿ ಸೋಸಿದಳು. ಬೀರಲಿಂಗೇಶ್ ನೀರು ಹೊತ್ತ. ಪಾಲಾಕ್ಷ ಹತ್ತಿಬಟ್ಟೆಯಲ್ಲಿ ನೊರೆ ಎತ್ತಿ, ಕೂಸಿನ ತಲೆ ತೊಳೆದಂಗೆ ಒತ್ತಿ ಒತ್ತಿ ತೆಗೆದ. ಉಜ್ಜಬೇಡ ಅಂದ ಮಾತು ಈಗ ತಲೆಗೆ ಇಳಿದಿತ್ತು, ಆದರೆ ತೋಳಿಗೆ ಇಳಿದಿರಲಿಲ್ಲ. ಅದು ತಾನಾಗಿ ಉಜ್ಜಲು ಹೋಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೆಲಸ ಮಾಡಿದ. ಸಾಯಂಕಾಲಕ್ಕೆ ಒಂದು ಬೊಗಸೆ ನೀರು ಚಿಮುಕಿಸಿದರೆ ಅದು ಗುಂಡಾಗದೆ ಹರಡಿ ನಿಂತಿತು. ಎಣ್ಣೆ ಹೋಗಿತ್ತು.

ಆಮೇಲೆ ಔಷಧ ಹೇಳಿದ ಮಾತು ಕೇಳಿತು. ಒದ್ದೆ ಬಟ್ಟೆ ಹೊಚ್ಚಿ, ಒಣಗದಂಗೆ ಮತ್ತೆ ಮತ್ತೆ ಹನಿಸಿ, ಎತ್ತಿ ನೋಡಿದರೆ ಕಲ್ಲಿನಂಗಿದ್ದ ಸಿಮೆಂಟು ಅಂಬಲಿಯಾಗಿತ್ತು. ನೀರು ಬಿಟ್ಟರೆ ಇಳಿದೇ ಹೋಯಿತು. "ಲೇ! ಹಸಿಯಾಗಿಟ್ರ ಕರಗತೈತಲೋ ಇದು!" ಅಂತ ಪಾಲಾಕ್ಷ ಕೂಗಿಬಿಟ್ಟ, ತನ್ನ ಎಲ್ಲ ಸ್ಲ್ಯಾಬುಗಳ ಬಗ್ಗೆ ಒಂದು ಗಳಿಗೆ ದಿಗಿಲಾದವನಂತೆ. "ನೀರಿಗಲ್ರೀ, ಔಷಧಕ್ಕ," ಅಂತ ಅರುಣಕುಮಾರ ಸಮಾಧಾನ ಮಾಡಬೇಕಾಯಿತು. ಅವನು ಅಂಗಡಿಗೆ ಹೋದ. ಮಾಡು, ಬದಿ, ಬಂಪರ್ ಎಲ್ಲ ಕತ್ತಲಾಗುವುದರೊಳಗೆ ಚೊಕ್ಕ. ಉಳಿದದ್ದು ಅಕ್ಷರ.

ಅಲ್ಲಿಗೆ ಬಾಟ್ಲಿ ಒಯ್ಯುವಂಗಿರಲಿಲ್ಲ. ಪಾಲಾಕ್ಷ ಮರುದಿನ ನಸುಕಿಗೇ ಬಂದು ಅದರ ಮುಂದೆ ಕೂತ. ದ್ಯಾಮಕ್ಕ ಅಂಗಳದ ಹಂಡೆ ಒಲೆಯ ಮುಂದೆ ತಾಮ್ರದ ಕೊಡ ಬೆಳಗುತ್ತಿದ್ದಳು, ಹುಣಸೆಹಣ್ಣು ಹಚ್ಚಿ. ಅವನು ಅವಳ ಕೈಯನ್ನೇ ನೋಡಿದ. ಎದ್ದು ಹೋಗಿ, ಕೇಳದೆ, ಅವಳ ಬಟ್ಟಲಿಂದ ಹುಣಸೆಹಣ್ಣು ತಗೊಂಡು, ಗೋಡೆಯ ಬುಡಕ್ಕೆ ಬಿದ್ದಿದ್ದ ಒಣ ಸಿಮೆಂಟಿನ ಹೆಂಟೆಗೆ ಒತ್ತಿ ಹಿಡಿದ. ಹಿಡಿದೇ ಕೂತ. ಬೆರಳಿಗೆ ಸಣ್ಣಗೆ ಬುರುಗು ತಾಗಿತು. ಉಗುರಿಗೆ ಸಿಮೆಂಟಿನ ಹಿಟ್ಟು ಬಂತು.

"ಕಚ್ಚತೈತಬೇ! ಆದ್ರ ಮೆಲ್ಲಕ ಕಚ್ಚತೈತಿ!"

ಆದರೆ ಡಿಕ್ಕಿ ನೆಟ್ಟಗೆ ನಿಂತ ಗೋಡೆಯಂಥದ್ದು. ಹುಳಿ ಹಚ್ಚಿದರೆ ಇಳಿದು ನೆಲಕ್ಕೆ ಬೀಳುತ್ತದೆ, ಬಟ್ಟೆ ಕಟ್ಟಿದರೆ ಗಾಳಿಗೆ ಒಣಗುತ್ತದೆ. ಅದಕ್ಕೂ ಉಪಾಯ ಹೊಳೆದದ್ದು ದ್ಯಾಮಕ್ಕನಿಗೇ. ಅವಳ ತವರು ಹೊಸಹಳ್ಳಿ ಕಡೆ. ಅಣ್ಣತಮ್ಮಂದಿರು ಕಂಬಳಿ ನೇಯುವವರು. ನೂಲು ಬಿಗಿಯಾಗಲೆಂದು ಹುಣಸೆಬೀಜ ಬೇಯಿಸಿ ಅರೆದು ಗಂಜಿ ಮಾಡಿ ಹಚ್ಚುತ್ತಾರೆ; ಅಂಟಿತೆಂದರೆ ತಣ್ಣಗೆ ಹಸಿಯಾಗಿ ಹಿಡಿದುಕೊಂಡಿರುತ್ತದೆ. ಬೀಜ ಬೆಂದವು, ಅರೆದಳು, ಅದಕ್ಕೆ ಹಣ್ಣಿನ ಹುಳಿ ಕಲಸಿದಳು. ಪಾಲಾಕ್ಷ ಅದನ್ನು ಬೆರಳಿಂದ ಅಕ್ಷರದ ಮೇಲಿನ ಸಿಮೆಂಟಿಗೆ ಮೆತ್ತಿ, ನುಣ್ಣಗೆ ಎಳೆದ. ಹುಟ್ಟಿದಾಗಿನಿಂದ ಪ್ಲಾಸ್ಟರ್ ಹಾಕಿದ ಕೈ, ಮೊದಲ ಸಲ ಬಿಡಿಸುವುದಕ್ಕೆ ಪ್ಲಾಸ್ಟರ್ ಹಾಕಿತು.

"ಎಷ್ಟು ಹೊತ್ತು ಹಿಂಗ?" ಅಂದ ಬೀರಲಿಂಗೇಶ್. ಅವನ ಫೋನು ಬಾಡಿಗೆಗೆಂದು ಕಿರುಚುತ್ತಿತ್ತು.

"ಅದಕ್ಕ ತಿಳಿದಷ್ಟು ಹೊತ್ತು. ಅವಸರ ಇದ್ರ ಬಸ್ಸಿಗೆ ಹೋಗಾಕ ಹೇಳು ಅವರಿಗೆ."

ಮೆತ್ತುವುದು, ಕಾಯುವುದು, ತೊಳೆಯುವುದು, ಬಿದಿರಿನ ಚಕ್ಕೆಯಿಂದ ಮೆತ್ತಗಾದಷ್ಟನ್ನೇ ಎತ್ತುವುದು, ಮತ್ತೆ ಮೆತ್ತುವುದು. ಕೊಟ್ಟೂರಿನಲ್ಲಿ ಕೆಲಸದವರು ಫೋನು ಮಾಡಿದರೆ "ಸ್ಲ್ಯಾಬಿಗೆ ನೀರು ಹೊಡೀರಿ, ಉಳಿದದ್ದು ನಾಳಿಕ" ಅಂತ ಇಟ್ಟುಬಿಟ್ಟ. ಮೊದಲು "ಗ" ಬಂತು. ಹಳದಿಯ ಹೊಳಪು ಸ್ವಲ್ಪ ಇಳಿದಿತ್ತು, ಗೆರೆ ಮಾತ್ರ ಕೊಂಚವೂ ಕದಲಿರಲಿಲ್ಲ. ಅಂಚಿನ ಕೆಂಪು ನೆರಳೂ ಹಾಗೇ. "ಮಗ" ಆಯಿತು. ಹೊತ್ತು ಏರಿದಂತೆ "ನ" ಬಂತು, "ಕ್ಕ" ಬಂತು. ದ್ಯಾಮಕ್ಕ ಓದು ಬಾರದಿದ್ದರೂ ಪ್ರತಿಯೊಂದು ಅಕ್ಷರ ಬಂದಾಗಲೂ ಎದ್ದು ಬಂದು ನೋಡಿದಳು. "ಇದು ನಾನೇನು?" ಅಂತ ಒಮ್ಮೆ ಕೇಳಿದಳು. "ಇನ್ನೂ ಮಗ ಬಂದಾನಬೇ, ನೀನು ಹಿಂದ ಬರಾಕ ಹತ್ತೀದಿ," ಅಂದ ಪಾಲಾಕ್ಷ.

"ದ್ಯಾ" ಕೊನೆಗೆ ಬಂತು. ದಪ್ಪಗೆ ಸಿಮೆಂಟು ಬಿದ್ದದ್ದೇ ಅಲ್ಲಿ. ಚಿಪ್ಪು ಇಳಿಯಿತು, ಪುಡಿ ಇಳಿಯಿತು. ಒತ್ತಕ್ಷರದ ಬಾಗಿನಲ್ಲಿ ಒಂದೇ ಒಂದು ಕಾಳು ಉಳಿಯಿತು, ಜೋಳದ ನುಚ್ಚಿನಷ್ಟು. ಮತ್ತೆ ಮೆತ್ತಿದ, ಕಾದ, ತೊಳೆದ. ಚಕ್ಕೆಯ ತುದಿ ಮುಟ್ಟಿಸಿದ. ಕಾಳು ಅಲ್ಲಾಡಿತು. ಅದರ ಜೊತೆ ಹಳದಿಯ ಅಂಚೂ ಒಂದು ಎಳೆಯಷ್ಟು ಎದ್ದಿತು.

ಪಾಲಾಕ್ಷನ ಕೈ ಅಲ್ಲೇ ನಿಂತಿತು. ಕಾಳು ಬಣ್ಣದೊಳಗೇ ಬೇರು ಬಿಟ್ಟಿತ್ತು. ತೆಗೆದರೆ ಅಜ್ಜಯ್ಯ ಎಳೆದ ಬಾಗೂ ಬರುತ್ತದೆ. ಕೂದಲಷ್ಟು ವಾಲಿದ್ದಕ್ಕೆ ಇಡೀ ಗೋಡೆ ಕೆಡವಿದ ಮನುಷ್ಯನಿಗೆ ಆ ಕಾಳು ಕಣ್ಣೊಳಗೆ ಬಿದ್ದಂಗಾಯಿತು. ಬೆವರು ಒರೆಸಿಕೊಂಡ. ಚಕ್ಕೆಯನ್ನು ಮತ್ತೆ ಹತ್ತಿರ ಒಯ್ದ, ಮತ್ತೆ ಹಿಂದೆ ತಂದ. ಕೊನೆಗೆ ಎದ್ದು ಕೊರಳ ನರ ಉಬ್ಬಿಸಿಕೊಂಡು, ಚಕ್ಕೆಯನ್ನು ಎರಡು ತುಂಡು ಮಾಡಿ ಬೀದಿಗೆ ಎಸೆದ. ಎದ್ದ ಅಂಚನ್ನು ಒದ್ದೆ ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿದ.

"ಮುಗೀತು," ಅಂದ.

"ಎಲ್ಲಿ ಮುಗೀತು?" ಬೀರಲಿಂಗೇಶ್ ಬಗ್ಗಿ ನೋಡಿದ. "ಇಲ್ಲೊಂದು ಉಳದೈತಲ್ರಿ ಮೇಸ್ತ್ರಿ. ಇಷ್ಟು ತಗದೀರಿ, ಇದೊಂದಕ್ಕ ಯಾಕ ಸೋಲ್ತೀರಿ? ತಡೀರಿ, ನಾನ..." ಅಂತ ಹೆಬ್ಬೆರಳ ಉಗುರು ಮುಂದೆ ಮಾಡಿದ.

ಪಾಲಾಕ್ಷ ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿದ. ಓಣಿಯವರು ಬಾಗಿಲಿಗೆ ಬರುವಷ್ಟು ಜೋರಾಗಿ ಕೂಗಿದ:

"ಮುಟ್ಟಿದ್ರ ಕೈ ಮುರೀತೀನಿ ನೋಡಲೇ! ಅದು ಅಲ್ಲೇ ಇರಬೇಕು. ಕಾರು ತೊಳಿಯೋ ವಾಟರ್ ಸರ್ವೀಸಿನವನಿಗೆ ಹೇಳು, ಅಲ್ಲಿ ಪೈಪು ಹಿಡಿಯಂಗಿಲ್ಲ. ನಾಳೆ ಲಗ್ನ ಆಗಿ ನಿನ್ನ ಹೇಣ್ತಿ ಬಂದ ಮ್ಯಾಲ ಆಕಿಗೂ ಹೇಳು. ಇದಕ್ಕೂ ನಾನ ಜವಾಬ್ದಾರಿ!"

ಬೀರಲಿಂಗೇಶ್ ಕೈ ಬಿಡಿಸಿಕೊಂಡು ನಗತೊಡಗಿದ. ದ್ಯಾಮಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಡಿಕ್ಕಿಯ ಮುಂದೆ ನಿಂತಳು. ಮುಟ್ಟಲಿಲ್ಲ. ಎಡದಿಂದ ಬಲಕ್ಕೆ, ಓದು ಬರುವವರಂಗೆ, ಕಣ್ಣಾಡಿಸಿದಳು.

"ಕುಂದ್ರಪಾ," ಅಂದಳು. "ರೊಟ್ಟಿ ಬಿಸಿ ಅದಾವ."